ಸೈಕಲ್ ದಾರಿಯನ್ನು ನಾವೇ ಕಡಿದ ಶನಿವಾರ

ಕೋವಿಡ್ ಕಳೆದ ನಂತರದ ಎರಡನೆಯ ಬೇಸಿಗೆ. ಷಿಕಾಗೋದ ಪಶ್ಚಿಮಕ್ಕಿರುವ ಒಂದು ಕೌಂಟಿಯ ಟ್ರೇಲ್ ವಿಭಾಗದಲ್ಲಿ ನಾನಾಗ ಸೀನಿಯರ್ ಎಂಜಿನಿಯರ್. ಕೌಂಟಿ ಎಂದರೆ ನಮ್ಮ ಕಡೆಯ ಜಿಲ್ಲೆಯಂಥದು, ಟ್ರೇಲ್ ಎಂದರೆ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟ ದಾರಿ. ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಇಲ್ಲಿಗೆ ಬಂದು ಹೆಚ್ಚುಕಡಿಮೆ ಇಡೀ ವೃತ್ತಿಜೀವನವನ್ನು ಮೋರಿ, ಚರಂಡಿ, ಸಣ್ಣ ಸೇತುವೆಗಳ ನಡುವೆಯೇ ಕಳೆದವಳು ನಾನು. ದೊಡ್ಡ ಅಣೆಕಟ್ಟು ಕಟ್ಟಲಿಲ್ಲ, ಗಗನಚುಂಬಿಗೆ ಅಡಿಪಾಯ ಹಾಕಲಿಲ್ಲ. ಯಾರಾದರೂ ಕೆಲಸ ಏನೆಂದು ಕೇಳಿದರೆ "ಸೈಕಲ್ ದಾರಿಗಳನ್ನು ನೋಡ್ಕೊಳ್ತೀನಿ" ಎನ್ನುತ್ತಿದ್ದೆ. ಕೇಳಿದವರು ನಕ್ಕು ಬೇರೆ ಮಾತಿಗೆ ಹೋಗುತ್ತಿದ್ದರು.

ನನ್ನ ಸುಪರ್ದಿಯಲ್ಲಿದ್ದ ದಾರಿಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಹದಿನಾಲ್ಕು ಮೈಲಿಯ ಒಂದು ಹಳೆಯ ರೈಲು ದಾರಿ. ರೈಲು ನಿಂತುಹೋಗಿ ಎಷ್ಟೋ ದಶಕಗಳಾಗಿದ್ದವು. ಹಳಿ, ಮರದ ದಿಮ್ಮಿಗಳನ್ನೆಲ್ಲ ಕಿತ್ತು, ಮೇಲೆ ಸುಣ್ಣಕಲ್ಲಿನ ನುಣ್ಣನೆಯ ಪುಡಿ ಹಾಸಿ, ಹತ್ತು ಅಡಿ ಅಗಲದ ಟ್ರೇಲ್ ಮಾಡಿದ್ದರು. ಕಾರಿನ ಕಾಟವಿಲ್ಲ, ಏರಿಲ್ಲ, ಇಳಿಜಾರಿಲ್ಲ. ರೈಲಿಗೆ ಏರು ಹತ್ತುವ ಶಕ್ತಿ ಕಡಿಮೆ. ಹಾಗಾಗಿ ಅದನ್ನು ಕಟ್ಟಿದವರು ಗುಡ್ಡ ಬಂದಲ್ಲಿ ಕಡಿದು, ತಗ್ಗು ಬಂದಲ್ಲಿ ಮಣ್ಣು ತುಂಬಿ ಎಲ್ಲವನ್ನೂ ಸಮ ಮಾಡಿರುತ್ತಾರೆ. ಸೈಕಲ್ ಮೇಲೆ ಕೂತು ಬ್ಯಾಲೆನ್ಸ್ ಹಿಡಿಯಲು ಬಂದರೆ ಸಾಕು, ಮಿಕ್ಕದ್ದನ್ನು ದಾರಿಯೇ ನೋಡಿಕೊಳ್ಳುತ್ತದೆ.

ಆ ದಾರಿಯ ಪಶ್ಚಿಮದ ತುದಿಯಲ್ಲಿ ಹುಬ್ಬಳ್ಳಿಯ ರಫೀಕ್ ಅವರ ಸೈಕಲ್ ಅಂಗಡಿ. ಬಾಡಿಗೆಗೆ ಕೊಡುವುದು, ರಿಪೇರಿ ಮಾಡುವುದು, ಜೊತೆಗೆ ಒಂದು ಫ್ಲಾಸ್ಕ್ ಚಹಾ. ಅವರ ಹೆಂಡತಿ ನಸೀಮಾ ಗ್ಲೆಂಡೇಲ್ ಹೈಟ್ಸ್‌ನ ಮನೆಯಿಂದ ದಿನಾ ಬಂದು ಅಂಗಡಿಯಲ್ಲಿ ಕೂರುತ್ತಿದ್ದರು. ಅಂಗಡಿ ತೆರೆದು ಎಷ್ಟೋ ವರ್ಷವಾದರೂ ಆಕೆಗೆ ಸೈಕಲ್ ಬರುತ್ತಿರಲಿಲ್ಲ. ಕಲಿಸಿದ್ದು ಗಂಡನಲ್ಲ, ನೇಪರ್‌ವಿಲ್‌ನ ಡಾಕ್ಟರ್ ವಿಮಲಾ.

ವಿಮಲಾ ನಿವೃತ್ತ ಅರಿವಳಿಕೆ ತಜ್ಞೆ, ನನಗಿಂತ ಎಂಟು ವರ್ಷ ದೊಡ್ಡವರು. ಆಪರೇಷನ್ ಥಿಯೇಟರ್‌ನಲ್ಲಿ ಎಲ್ಲರೂ ತಮ್ಮ ಮಾತು ಕೇಳುವ ಅಭ್ಯಾಸವಾಗಿದ್ದರಿಂದ ಹೊರಗೂ ಅದನ್ನೇ ನಿರೀಕ್ಷಿಸುತ್ತಿದ್ದರು. ಅರವತ್ತು ದಾಟಿದ ಐದಾರು ಕನ್ನಡದ ಹೆಂಗಸರನ್ನು ಒಟ್ಟುಹಾಕಿ, "ಮಂಡಿ ನೋವು ಅಂತ ಸೋಫಾದಲ್ಲಿ ಕೂತ್ರೆ ಮಂಡಿ ವಾಸಿಯಾಗಲ್ಲ" ಎಂದು ಗದರಿ, ಎಲ್ಲರಿಗೂ ಆ ದಾರಿಯಲ್ಲಿ ಸೈಕಲ್ ಕಲಿಸಿದರು. ಶನಿವಾರ ಬೆಳಿಗ್ಗೆ ಅವರ ಸವಾರಿ. ನಾನು ಆಗೀಗ ಸೇರಿಕೊಳ್ಳುತ್ತಿದ್ದೆ. ಅವರ ವಾಟ್ಸಾಪ್ ಗುಂಪಿನಲ್ಲಂತೂ ಇದ್ದೆ.

ಆ ವಾರ ಶುಕ್ರವಾರ ಇಡೀ ದಿನ ಮಳೆ. ಸಂಜೆಯ ಹೊತ್ತಿಗೆ ಗಾಳಿಯೂ ಸೇರಿ ಅನೇಕ ಕಡೆ ಮರಗಳು ಉರುಳಿದವು. ಆದರೆ ಶನಿವಾರ ಬೆಳಗಾದರೆ ಆಕಾಶ ತೊಳೆದಿಟ್ಟಂತಿತ್ತು. ನನಗೆ ರಜೆ. ಒಲೆಯ ಮೇಲೆ ಉಪ್ಪಿಟ್ಟಿಗೆ ನೀರು ಕುದಿಯುತ್ತಿದ್ದಾಗ ಫೋನ್ ಸದ್ದು ಮಾಡಿತು. ವಿಮಲಾ ಗುಂಪಿಗೆ ಒಂದು ಫೋಟೋ ಹಾಕಿದ್ದರು. ಐದು ಜನ ಹೆಂಗಸರು ಹೆಲ್ಮೆಟ್ ಹಾಕಿ ನಗುತ್ತಾ ನಿಂತಿದ್ದಾರೆ. ಕೆಳಗೆ ಬರೆದಿದ್ದರು: "ನೋಡಿ, ನಮ್ಮ ಟ್ರೇಲ್‌ಗೆ ಲೇಕ್ ವ್ಯೂ ಬಂದಿದೆ!"

ನಾನು ಮೊದಲು ನಕ್ಕೆ. ಆಮೇಲೆ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಆ ಜಾಗ ನನಗೆ ಗೊತ್ತಿತ್ತು. ಅಲ್ಲಿ ದಾರಿ ಒಂದು ತೊರೆಯನ್ನು ದಾಟುತ್ತದೆ. ಹಾಗೆ ದಾಟಲು ರೈಲಿನವರು ಇಪ್ಪತ್ತೆರಡು ಅಡಿ ಎತ್ತರಕ್ಕೆ ಮಣ್ಣು ಸುರಿದು ಏರಿ ಕಟ್ಟಿ, ಅದರ ತಳದಲ್ಲಿ ತೊರೆಗೆಂದು ಇಟ್ಟಿಗೆಯ ಕಮಾನಿನ ಒಂದು ಮೋರಿ ಬಿಟ್ಟಿದ್ದರು. ಏರಿಯ ಉತ್ತರಕ್ಕೆ ಸಾಮಾನ್ಯವಾಗಿ ಜೊಂಡು ಬೆಳೆದ ತಗ್ಗು ಕಾಣುತ್ತದೆ. ಫೋಟೋದಲ್ಲಿ ಜೊಂಡು ಇರಲಿಲ್ಲ. ಹೆಂಗಸರ ಬೆನ್ನ ಹಿಂದೆ, ದಾರಿಯಿಂದ ನಾಲ್ಕೈದು ಅಡಿ ಕೆಳಗೆ, ಉದ್ದಕ್ಕೂ ನೀರು ಹೊಳೆಯುತ್ತಿತ್ತು.

ಮೋರಿ ಕಟ್ಟಿಕೊಂಡಿದೆ ಎಂದು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ನನಗೆ ಭಯ ಹುಟ್ಟಿಸಿದ್ದು ಬೇರೆ. ನಮ್ಮ ಕೆರೆ ಏರಿಗಳನ್ನು ನೀರು ನಿಲ್ಲಿಸಲೆಂದೇ ಜೇಡಿಮಣ್ಣು ಹಾಕಿ, ಪದರ ಪದರವಾಗಿ ದಮ್ಮಸು ಮಾಡಿ ಕಟ್ಟುತ್ತಾರೆ. ರೈಲಿನ ಏರಿ ಹಾಗಲ್ಲ. ಅದು ಭಾರ ಹೊರಲು ಕಟ್ಟಿದ್ದು. ಒಳಗೆ ಮರಳು, ಜಲ್ಲಿ, ಎಂಜಿನ್‌ನಿಂದ ಬಂದ ಕಲ್ಲಿದ್ದಲಿನ ಬೂದಿ, ಕೈಗೆ ಸಿಕ್ಕಿದ್ದೆಲ್ಲ ಇರುತ್ತದೆ. ಅದರ ಒಂದು ಪಕ್ಕಕ್ಕೆ ನೀರು ನಿಂತರೆ, ನೀರು ಒಳಗೇ ದಾರಿ ಹುಡುಕುತ್ತದೆ. ಹುಡುಕುತ್ತಾ ಮಣ್ಣನ್ನು ಜೊತೆಗೆ ಒಯ್ಯುತ್ತದೆ. ಇದಕ್ಕೆ ನಾವು ಪೈಪಿಂಗ್ ಎನ್ನುತ್ತೇವೆ. ಮೇಲಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಒಳಗೆ ಕೊಳವೆಯಂತೆ ಟೊಳ್ಳು ಬೆಳೆಯುತ್ತಾ ಹೋಗಿ ಒಮ್ಮೆಲೇ ಏರಿ ಕುಸಿಯುತ್ತದೆ.

ಏರಿಯ ದಕ್ಷಿಣಕ್ಕೆ, ಕೆಳಗೆ, ನಮ್ಮ ಬಡಾವಣೆಯಂಥ ಒಂದು ಸಬ್‌ಡಿವಿಷನ್. ಮನೆಗಳ ಹಿತ್ತಿಲುಗಳು ಏರಿಯ ಬುಡದವರೆಗೆ ಬರುತ್ತವೆ.

ಒಲೆ ಆರಿಸಿ ವಿಮಲಾಗೆ ಫೋನ್ ಮಾಡಿದೆ. ರಿಂಗ್ ಆಗಿ ನಿಂತಿತು. ಮತ್ತೆ ಮಾಡಿದೆ. ಸೈಕಲ್ ಹತ್ತಿದ ಮೇಲೆ ಅವರು ಫೋನನ್ನು ಚೀಲಕ್ಕೆ ಹಾಕಿ ಜಿಪ್ ಎಳೆಯುತ್ತಾರೆಂದು ನನಗೆ ಗೊತ್ತಿತ್ತು. ಶೂ ಹಾಕಿಕೊಳ್ಳುತ್ತಲೇ ರಫೀಕ್‌ಗೆ ಮಾಡಿದೆ.

"ರಫೀಕ್ ಭಾಯ್, ಟ್ರೇಲ್ ಗೇಟ್ ಹಾಕಿ. ಯಾರನ್ನೂ ಒಳಗೆ ಬಿಡಬೇಡಿ. ತೊರೆ ಹತ್ರದ ಏರಿ ಕುಸಿಯೋ ಹಾಗಿದೆ."

"ಮೇಡಂ, ನಸೀಮಾ ಅವರ ಸಂಗಾಟ ಹೋಗ್ಯಾಳ್ರೀ."

"ಗೊತ್ತು. ಫೋಟೋದಲ್ಲಿ ನೋಡಿದೆ. ಏರಿ ದಾಟಿ ಪೂರ್ವಕ್ಕೆ ಹೋಗಿದಾರೆ ಅನ್ಸುತ್ತೆ."

"ನಾ ಈಗ ಸೈಕಲ್ ತಗೊಂಡು ಹೋಗಿ ಕರ್ಕೊಂಡು ಬರ್ತೀನ್ರಿ."

"ಬೇಡ! ನೀವು ಏರಿ ಮೇಲೆ ಹೋಗ್ಬೇಡಿ. ವ್ಯಾನ್ ತಗೊಂಡು ರೋಡ್ ಮೇಲೆ ಸುತ್ತಿ, ರೋಡ್ ಟ್ರೇಲನ್ನ ದಾಟೋ ಪೂರ್ವದ ಕ್ರಾಸಿಂಗ್‌ಗೆ ಹೋಗಿ. ಅಲ್ಲಿ ಸಿಕ್ರೆ ಅಲ್ಲೇ ನಿಲ್ಲಿಸ್ಕೊಳ್ಳಿ."

ಗೇಟಿನ ಸರಪಳಿಯ ಸದ್ದು ಫೋನಿನಲ್ಲೇ ಕೇಳಿಸಿತು.

ಕಾರು ಹತ್ತಿ ನನ್ನ ಮೇಲಧಿಕಾರಿ ಕ್ರೇಗ್‌ಗೆ ಫೋನ್ ಮಾಡಿದೆ. ಆತ ಕೆಟ್ಟ ಮನುಷ್ಯನಲ್ಲ, ಅವಸರದ ಮನುಷ್ಯನೂ ಅಲ್ಲ. ಟ್ರೇಲ್ ಮುಚ್ಚಲು ತಕ್ಷಣ ಒಪ್ಪಿದ. ಮನೆಗಳನ್ನು ಖಾಲಿ ಮಾಡಿಸಬೇಕಾಗಬಹುದು ಎಂದಾಗ ಮಾತ್ರ ತಡೆದ.

"ಒಂದು ಫೋಟೋ ನೋಡಿ ಇದನ್ನೆಲ್ಲ ಹೇಳುತ್ತಿದ್ದೀಯಾ ಪದ್ಮಾ? ನಿನಗೆ ಖಚಿತವೇ?"

"ಇಲ್ಲ. ಹದಿನೈದು ನಿಮಿಷದಲ್ಲಿ ಅಲ್ಲಿರುತ್ತೇನೆ. ನೀನೂ ಹೊರಡು."

ಸಬ್‌ಡಿವಿಷನ್ ಒಳಗೆ ಕಾರು ನಿಲ್ಲಿಸಿ ನಾನು ನೇರ ಏರಿಯ ಬುಡಕ್ಕೆ ನಡೆದೆ. ಶನಿವಾರದ ಎಂದಿನ ಬೆಳಗು. ಯಾರೋ ಹುಲ್ಲು ಕತ್ತರಿಸುತ್ತಿದ್ದರು. ಒಂದು ಹಿತ್ತಿಲಿನಲ್ಲಿ ಮಕ್ಕಳು ಕುಣಿಯುವ ಗಾಳಿ ತುಂಬಿದ ಹಳದಿ ಕೋಟೆಯೊಂದು ಆಗ ತಾನೇ ಎದ್ದು ನಿಲ್ಲುತ್ತಿತ್ತು. ಬೇಲಿಗೆ ಬಲೂನು ಕಟ್ಟಿದ್ದರು. ಆ ಹಿತ್ತಿಲಿನ ಬೇಲಿ ದಾಟಿದರೆ ಏರಿ.

ತೊರೆಯ ಮೋರಿಯ ಬಾಯಲ್ಲಿ ಹೊರಡುತ್ತಿದ್ದ ನೀರು ಮೊಣಕಾಲು ನೆನೆಯುವಷ್ಟೂ ಇರಲಿಲ್ಲ. ಅಷ್ಟು ಮಳೆಗೆ ಅದು ಭೋರ್ಗರೆಯಬೇಕಿತ್ತು. ಮೋರಿಯಿಂದ ಮೂವತ್ತು ಅಡಿ ದೂರದಲ್ಲಿ, ಏರಿಯ ಬುಡದ ಹುಲ್ಲಿನ ನಡುವೆ, ನೀರು ನೆಲದಿಂದ ಮೇಲಕ್ಕೆ ಉಕ್ಕುತ್ತಿತ್ತು. ಅಗಲ ಒಂದು ತಟ್ಟೆಯಷ್ಟು. ಸುತ್ತ ಕಪ್ಪು ಕೆಸರಿನ ಬಳೆಯೊಂದು ಕೂತಿತ್ತು.

ಏರಿಯಿಂದ ತಿಳಿನೀರು ಜಿನುಗಿದರೆ ನಾವು ಗುರುತು ಹಾಕಿ ಕಾದು ನೋಡುತ್ತೇವೆ. ಮಣ್ಣು ಕೂಡಿದ ನೀರು ಬಂದರೆ ಕಾಯುವುದಿಲ್ಲ. ನಾನು ಕೂತು ಆ ನೀರಿಗೆ ಕೈ ಹಾಕಿದೆ. ಬೆರಳುಗಳ ನಡುವೆ ಕಲ್ಲಿದ್ದಲ ಬೂದಿ, ಮರಳು ಗರಗರ ಎಂದಿತು. ಅದು ಅಂಗಳದ ಮಣ್ಣಲ್ಲ. ಏರಿಯ ಹೊಟ್ಟೆಯೊಳಗಿನದು.

ಕೈ ಒರೆಸಿಕೊಳ್ಳದೆಯೇ ತುರ್ತು ಸಂಖ್ಯೆಗೆ ಫೋನ್ ಮಾಡಿದೆ. ಅವರು ಹೊರಟೆವೆಂದರು. ಅವರು ಬರುವವರೆಗೆ ನಾನು ಬಾಗಿಲು ತಟ್ಟತೊಡಗಿದೆ. ಮೊದಲು ಬಲೂನಿನ ಮನೆ. ಬಾಗಿಲು ತೆಗೆದದ್ದು ಮಾರ್ಕ್ ಎಂಬ ಮೂವತ್ತೈದರ ಆಸುಪಾಸಿನ ಗಂಡಸು. ನನ್ನ ಕೆಸರು ಕೈ ನೋಡಿದ, ಕೊರಳಲ್ಲಿದ್ದ ಕೌಂಟಿ ಬ್ಯಾಡ್ಜ್ ನೋಡಿದ.

"ಮಧ್ಯಾಹ್ನಕ್ಕೆ ನಲವತ್ತು ಜನ ಬರುತ್ತಾರೆ. ಕುಸಿಯುತ್ತೆ ಅಂತೀರಾ, ಅಥವಾ ಕುಸಿಯಬಹುದು ಅಂತೀರಾ?" ಎಂದ.

"ಕುಸಿಯಬಹುದು."

"ಹಾಗಾದರೆ ಯಾರಾದರೂ ಖಚಿತವಾಗಿ ಹೇಳಲಿ, ಹೊರಡುತ್ತೇನೆ."

ಅವನ ಕಾಲಿನ ಸಂದಿಯಿಂದ ಹಣೆಗೆ ಬಂಗಾರದ ಕಾಗದದ ಕಿರೀಟ ಕಟ್ಟಿಕೊಂಡ ಆರು ವರ್ಷದ ಹುಡುಗಿ ಇಣುಕಿದಳು. "ಆರ್ ಯು ಕ್ಯಾನ್ಸಲಿಂಗ್ ಮೈ ಬರ್ತ್‌ಡೇ?" ಎಂದು ನನ್ನನ್ನೇ ಕೇಳಿದಳು.

ನಾನು ಅವಳ ಅಪ್ಪನನ್ನು ತೋಳು ಹಿಡಿದು ಹಿತ್ತಿಲಿಗೆ ಕರೆದೊಯ್ದು, ಬೇಲಿಯಾಚೆ ನೆಲದಿಂದ ಉಕ್ಕುತ್ತಿದ್ದ ನೀರು ತೋರಿಸಿದೆ. ನಾನು ಬಾಗಿಲು ತಟ್ಟಲು ಹೋಗಿ ಬರುವಷ್ಟರಲ್ಲಿ ಅದು ತಟ್ಟೆಯಿಂದ ಪರಾತದಷ್ಟಾಗಿತ್ತು. ಮಾರ್ಕ್ ಒಂದು ಕ್ಷಣ ನೋಡಿದ. ಒಳಗೆ ಓಡಿದ. ಹೊರಗೆ ಬಂದಾಗ ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ನಾಯಿ. ಆಮೇಲೆ ಪಕ್ಕದ ಮನೆಗಳ ಬಾಗಿಲು ತಟ್ಟಿದವನೂ ಅವನೇ.

ಆಗಲೇ ಮೇಲಿನಿಂದ ಸೈಕಲ್ ಗಂಟೆ ಕೇಳಿಸಿತು.

ತಲೆ ಎತ್ತಿದೆ. ಏರಿಯ ಮೇಲೆ, ಆಕಾಶಕ್ಕೆ ಎದುರಾಗಿ, ಐದು ಹೆಲ್ಮೆಟ್‌ಗಳು. ಪೂರ್ವದ ಕ್ರಾಸಿಂಗ್ ತನಕ ಹೋಗಿ, ರಫೀಕ್ ಅಲ್ಲಿಗೆ ತಲುಪುವ ಮೊದಲೇ ತಿರುಗಿ, ಅವರು ಮರಳಿ ಬರುತ್ತಿದ್ದರು. ನನ್ನನ್ನು ಕಂಡ ವಿಮಲಾ ಖುಷಿಯಾಗಿ ಕೈ ಬೀಸಿದರು. ನಾನು ಕೂಗಿದೆ. ಹುಲ್ಲು ಕತ್ತರಿಸುವ ಯಂತ್ರದ ಸದ್ದಿನಲ್ಲಿ ಅವರಿಗೆ ಕೇಳಲಿಲ್ಲ. ಎರಡೂ ಕೈಯಿಂದ ಹಿಂದೆ ಹೋಗಿ ಎಂದು ಸನ್ನೆ ಮಾಡಿದೆ. ಅವರು ಅದನ್ನು ಸ್ವಾಗತ ಎಂದುಕೊಂಡರೋ ಏನೋ, ಎಲ್ಲರೂ ಕೈ ಬೀಸಿದರು.

ಕೆಳಗಿನಿಂದ ಏರಿ ಹತ್ತಲು ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಮೆಟ್ಟಿಲುಗಳಿದ್ದವು. ಅರವತ್ತು ದಾಟಿದ ಮೇಲೆ ನಾನು ಅಷ್ಟು ಜೋರಾಗಿ ಓಡಿದ್ದು ಅದೊಂದೇ ಸಲ. ಮೇಲೆ ಹತ್ತಿ ಪೂರ್ವಕ್ಕೆ ತಿರುಗಿದಾಗ ನನಗೂ ಅವರಿಗೂ ನಡುವೆ ಒಂದು ಫುಟ್‌ಬಾಲ್ ಮೈದಾನದಷ್ಟು ದೂರ. ಅದರ ಮಧ್ಯೆ, ದಾರಿಯ ಮೇಲೆ, ಒಂದು ಬಟ್ಟಲಿನಂಥ ತಗ್ಗು. ಸುಣ್ಣಕಲ್ಲಿನ ಪುಡಿ ಮೆಲ್ಲಗೆ ಅದರೊಳಗೆ ಜಾರುತ್ತಿತ್ತು. ಯಾರಾದರೂ ನೋಡಿದರೆ ಮಳೆಗೆ ಬಿದ್ದ ಸಣ್ಣ ಹೊಂಡವೆಂದುಕೊಳ್ಳಬೇಕು, ಅಷ್ಟೇ.

ಎಲ್ಲರಿಗಿಂತ ಮುಂದೆ ನಸೀಮಾ ಇದ್ದರು. ಹೊಂಡ ಕಂಡು ಸೈಕಲ್ ಇಳಿದು, ತಳ್ಳಿಕೊಂಡು ಅದರ ಅಂಚಿನಲ್ಲಿ ಬರತೊಡಗಿದರು.

"ನಸೀಮಾ! ನಿಲ್ಲಿ! ಅಲ್ಲೇ ನಿಲ್ಲಿ!"

ಆಕೆ ನಿಂತರು. ನಿಂತ ಜಾಗವೇ ಕೆಳಗೆ ಹೋಯಿತು. ಸದ್ದೇನೂ ಆಗಲಿಲ್ಲ. ಮೊದಲು ಸೈಕಲ್ಲಿನ ಮುಂದಿನ ಚಕ್ರ, ಆಮೇಲೆ ಆಕೆಯ ಬಲಗಾಲು ತೊಡೆಯವರೆಗೆ ನೆಲದೊಳಗೆ ಇಳಿಯಿತು. ಸೈಕಲ್ ಅಡ್ಡ ಬಿದ್ದು ಹ್ಯಾಂಡಲ್ ಅಂಚಿಗೆ ಸಿಕ್ಕಿಕೊಂಡಿತ್ತು. ಆಕೆ ಅದನ್ನೇ ತಬ್ಬಿಕೊಂಡಿದ್ದರು.

"ಕೆಳಗ ಏನೂ ಸಿಗವಲ್ದರೀ ಕಾಲಿಗೆ! ಖಾಲಿ ಐತ್ರೀ!" ಎಂದು ಚೀರಿದರು.

ನಾನು ಓಡಿಹೋಗಿ ಹಿಡಿದುಕೊಳ್ಳಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ಆದರೆ ನನ್ನ ಭಾರವೂ ಆ ಕಡೆ ಸೇರಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ದಾರಿಯಲ್ಲಿ ನನ್ನ ಪಾದದ ಮುಂದೆಯೇ ಕೂದಲೆಳೆಯಂಥ ಬಿರುಕೊಂದು ಅಡ್ಡಲಾಗಿ ಹಾದುಹೋಗಿತ್ತು. ನಸೀಮಾಗೆ ಹತ್ತಿರವಿದ್ದವರು ವಿಮಲಾ. ಅವರ ಹಿಂದಿನ ನೆಲದಲ್ಲಿ ಬಿರುಕು ಕಾಣಲಿಲ್ಲ.

"ವಿಮಲಾ ಡಾಕ್ಟ್ರೇ, ನಿಂತ್ಕೊಂಡು ಹೋಗ್ಬೇಡಿ! ಹೊಟ್ಟೆ ಮೇಲೆ ಮಲಗಿ! ನಿಮ್ಮ ಕಾಲನ್ನ ಉಳಿದವರು ಹಿಡ್ಕೊಳ್ಳಿ!"

ಯಾವತ್ತೂ ಯಾರ ಮಾತನ್ನೂ ಕೇಳದ ಆಕೆ ಆ ಹೊತ್ತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸುಣ್ಣಕಲ್ಲಿನ ಪುಡಿಯ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಮೊಣಕೈಯಿಂದ ತೆವಳಿ, ನಸೀಮಾ ಅವರ ಕಂಕುಳ ಕೆಳಗೆ ಕೈ ತೂರಿಸಿದರು. ಹಿಂದೆ ಮೂವರು ಹೆಂಗಸರು ಅವರ ಕಾಲು ಹಿಡಿದು ಕೂತರು.

"ನನ್ನ ಕಡೆ ನೋಡು ನಸೀಮಾ. ಕೆಳಗೆ ನೋಡ್ಬೇಡ. ಸೈಕಲ್ ಬಿಡು."

"ಅಂಗಡೀದ್ರೀ ಅದು..."

"ಬಿಡು ಅಂದ್ನಲ್ಲ!"

ನಸೀಮಾ ಸೈಕಲ್ ಬಿಟ್ಟರು. ಎಳೆದ ರಭಸಕ್ಕೆ ಆಕೆ ಮೇಲೆ ಬಂದರು, ಕಾಲು ಹಿಡಿದಿದ್ದ ಮೂವರೂ ಹಿಂದಕ್ಕೆ ಬಿದ್ದರು. ಸೈಕಲ್ ಹೊಂಡದೊಳಗೆ ಜಾರಿ ಪೂರ್ತಿ ಮಾಯವಾಯಿತು. ತಳಕ್ಕೆ ಬಿದ್ದ ಸದ್ದು ಬರುವ ಮೊದಲು ಒಂದು ಗಳಿಗೆ ಮೌನವಿತ್ತು. ಆ ಮೌನವನ್ನು ನಾನು ಇವತ್ತಿಗೂ ಮರೆತಿಲ್ಲ.

"ಎಲ್ಲರೂ ಹಿಂದಕ್ಕೆ ನಡೀರಿ. ಪೂರ್ವದ ಕ್ರಾಸಿಂಗ್‌ಗೆ. ರಫೀಕ್ ಭಾಯ್ ಅಲ್ಲಿರ್ತಾರೆ. ಸೈಕಲ್ ಅಲ್ಲೇ ಬಿಡಿ" ಎಂದು ಕೂಗಿದೆ. ಇಬ್ಬರು ಹೆಂಗಸರ ಹೆಗಲಿಗೆ ಕೈ ಹಾಕಿ ನಸೀಮಾ ಒಂಟಿ ಕಾಲಲ್ಲಿ ಕುಂಟುತ್ತಾ ಹೋದರು. ಅವರು ಮರಗಳ ತಿರುವಿನಲ್ಲಿ ಕಣ್ಮರೆಯಾದ ಮೇಲೆಯೇ ನಾನು ಮೆಟ್ಟಿಲ ಕಡೆ ತಿರುಗಿದೆ.

ಮೆಟ್ಟಿಲಿಳಿದಾಗ ಅಗ್ನಿಶಾಮಕ ದಳ ಬಂದಿತ್ತು. ಮಾರ್ಕ್ ತೋರಿಸಿದ ಮನೆಗಳಿಂದ ಶುರುಮಾಡಿ ಅವರು ಇಡೀ ಬೀದಿಯನ್ನು ಖಾಲಿ ಮಾಡಿಸುತ್ತಿದ್ದರು. ಕ್ರೇಗ್ ಕೂಡ ಬಂದಿದ್ದ. ಉಕ್ಕುವ ನೀರನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು.

ಜನ ಹೊರಗೆ ಹೋದರೂ ಅಪಾಯ ಮುಗಿದಿರಲಿಲ್ಲ. ಏರಿ ಒಡೆದರೆ ನೀರು ಆ ಬೀದಿಯಲ್ಲೇ ನಿಲ್ಲುವುದಿಲ್ಲ, ಕೆಳಗಿನ ಹೆದ್ದಾರಿಯವರೆಗೂ ಹರಿಯುತ್ತದೆ. ಉತ್ತರದ ಹೊಲಗಳಿಂದ ಇನ್ನೂ ನೀರು ಬಂದು ಸೇರುತ್ತಲೇ ಇತ್ತು. ದೊಡ್ಡ ಪಂಪುಗಳನ್ನು ತರಿಸಲು ಸಂಜೆಯಾಗುತ್ತಿತ್ತು. ಉತ್ತರದ ಕಡೆಯ ಮೋರಿಯ ಬಾಯಿ ನೀರಿನಾಳದಲ್ಲಿತ್ತು, ಅಲ್ಲಿಗೆ ಮನುಷ್ಯರನ್ನು ಇಳಿಸುವ ಮಾತೇ ಇರಲಿಲ್ಲ.

ಉಳಿದದ್ದು ಒಂದೇ ದಾರಿ. ಅಲ್ಲಿಂದ ಅರ್ಧ ಮೈಲಿ ಪಶ್ಚಿಮಕ್ಕೆ ನೆಲ ಏರುತ್ತದೆ, ಹಾಗಾಗಿ ರೈಲಿನ ಏರಿ ಅಲ್ಲಿ ಆರೇ ಅಡಿ ಎತ್ತರ. ಉತ್ತರದ ಪಕ್ಕಕ್ಕೆ ರೈಲಿನವರು ತೋಡಿದ್ದ ಉದ್ದನೆಯ ಚರಂಡಿಯ ಮೂಲಕ ನಿಂತ ನೀರು ಅಲ್ಲಿಯವರೆಗೂ ಚಾಚಿತ್ತು. ದಕ್ಷಿಣಕ್ಕೆ ಮನೆಗಳಿಲ್ಲ, ಸರ್ಕಾರದ ಹುಲ್ಲುಗಾವಲು. ಅಲ್ಲಿ ನಾವೇ ಏರಿಯನ್ನು ಕಡಿದರೆ ನೀರು ಹುಲ್ಲುಗಾವಲಿಗೆ ಹರಿಯುತ್ತದೆ. ಮಟ್ಟ ಒಂದೆರಡು ಅಡಿ ಇಳಿದರೂ ಇಲ್ಲಿ ಒತ್ತಡ ತಗ್ಗುತ್ತದೆ. ಅಪಾಯವೂ ಇತ್ತು. ಕಡಿದ ಬಾಯಿ ಕೊರೆಯುತ್ತಾ ಹಿಗ್ಗಿದರೆ ನೀರು ನಮ್ಮ ಹಿಡಿತ ತಪ್ಪುತ್ತದೆ. ಟ್ರೇಲ್ ಅಂತೂ ತುಂಡಾಗುತ್ತದೆ.

ಕ್ರೇಗ್ ಏರಿಯನ್ನೇ ದಿಟ್ಟಿಸುತ್ತಾ ಕೇಳಿದ: "ಕಡಿಯದೆ ಬಿಟ್ಟರೆ ಇದು ನಿಲ್ಲಬಹುದೇ?"

"ನಿಲ್ಲಬಹುದು."

"ಹಾಗಾದರೆ ಒಳ್ಳೆಯ ದಾರಿಯನ್ನು ಸುಮ್ಮನೆ ಹಾಳು ಮಾಡಿದ ಹಾಗಾಗುತ್ತದೆ."

"ಆಗಬಹುದು. ಈ ಏರಿ ಒಂದು ಇಡೀ ಸೈಕಲ್ ನುಂಗಿದ್ದನ್ನು ನಾನು ನೋಡಿ ಬಂದಿದ್ದೇನೆ ಕ್ರೇಗ್. ಕಡಿಯೋಣ. ಎಂಜಿನಿಯರ್ ಆಗಿ ಹೇಳುತ್ತಿದ್ದೇನೆ, ಹೊಣೆ ನನ್ನದು."

ಅವನು ಫೋನ್ ತೆಗೆದ. ಹತ್ತಿರದಲ್ಲೇ ರಸ್ತೆ ಅಗಲ ಮಾಡುತ್ತಿದ್ದ ಗುತ್ತಿಗೆದಾರರಿಂದ ಒಂದು ಎಕ್ಸ್‌ಕವೇಟರ್, ಎರಡು ಲಾರಿ ದಪ್ಪ ಕಲ್ಲು ತರಿಸಿದ. ಅಷ್ಟರಲ್ಲಿ ನಾನು ವಿಮಲಾಗೆ ಮೆಸೇಜ್ ಮಾಡಿ, ದಾರಿ ಕಡಿಯುತ್ತಿದ್ದೇವೆಂದು ತಿಳಿಸಿದೆ.

ಯಂತ್ರ ಟ್ರೇಲರ್‌ನಿಂದ ಇಳಿಯುತ್ತಿದ್ದಾಗ ರಫೀಕ್ ಫೋನ್ ಬಂತು. ಆಸ್ಪತ್ರೆಯಲ್ಲಿದ್ದರು. ನಸೀಮಾ ಅವರ ಕಣಕಾಲಿನ ಮೂಳೆ ಮುರಿದಿತ್ತು, ಬೇರೇನೂ ಆಗಿರಲಿಲ್ಲ.

"ಡಾಕ್ಟರಮ್ಮ ಹೇಳಿದ್ರು, ದಾರಿ ಕಡೀತಾರ ಅಂತ. ಖರೇ ಏನ್ರೀ?"

"ಹೌದು ರಫೀಕ್ ಭಾಯ್. ನಿಮ್ಮ ಅಂಗಡಿಗೂ ತೊರೆಗೂ ನಡುವೆ."

"ಮತ್ತ ಕಟ್ತೀರೇನ್ರೀ?"

ಹೂಂ ಎನ್ನುವುದು ಸುಲಭವಿತ್ತು. "ಗೊತ್ತಿಲ್ಲ. ನಾನು ಕೇಳ್ತೀನಿ, ಜಗಳಾನೂ ಆಡ್ತೀನಿ. ಆದ್ರೆ ಮಾತು ಕೊಡಕ್ಕೆ ನನ್ನ ಕೈಲಿಲ್ಲ."

ಆ ಕಡೆ ಆಸ್ಪತ್ರೆಯ ಮೈಕಿನಲ್ಲಿ ಯಾರನ್ನೋ ಕರೆಯುವ ದನಿ ಕೇಳಿಸುತ್ತಿತ್ತು. ಬೇಸಿಗೆಯ ಮೂರು ತಿಂಗಳ ದುಡಿಮೆಯಲ್ಲೇ ಅವರ ವರ್ಷ ಕಳೆಯಬೇಕಿತ್ತು ಎಂಬುದು ನನಗೆ ಗೊತ್ತಿತ್ತು.

"ಕಡೀರಿ ಮೇಡಂ. ಕಾಲಿನ ಬುಡಕ ನೆಲಾನ ಇದ್ದಿಲ್ಲ ಅಂತ ಹೇಳಿಕೋತ ಈಕಿ ಇನ್ನೂ ನಡಗಾಕತ್ಯಾಳ. ಕೆಳಗಿನ ಮನಿಯೊಳಗೂ ಯಾರ್ದೋ ಹೆಂಡ್ತಿ ಮಕ್ಕಳು ಇರ್ತಾರಲ್ರೀ" ಎಂದು ಫೋನ್ ಇಟ್ಟರು.

ಕಡಿಯುವುದನ್ನು ಒಣಗಿದ ದಕ್ಷಿಣ ಪಕ್ಕದಿಂದ ಶುರುಮಾಡಿಸಿದೆ. ಅಗಲವಾಗಿ, ಆಳ ಕಡಿಮೆಯಾಗಿ ತೋಡಿ, ತೋಡಿದ ತಳಕ್ಕೆ ಕಲ್ಲು ಹಾಸಿ, ನೀರಿನ ಕಡೆ ಮಾತ್ರ ಮೂರಡಿ ದಪ್ಪದ ಮಣ್ಣಿನ ತಡೆಯನ್ನು ಉಳಿಸಿದೆವು. ಕಲ್ಲು ಕೂತ ಮೇಲೆ ಯಂತ್ರ ಹಿಂದೆ ಸರಿದು, ಉದ್ದನೆಯ ತೋಳು ಚಾಚಿ ಆ ತಡೆಯ ಮೇಲ್ಭಾಗವನ್ನು ಒಂದು ಬಕೆಟ್‌ನಷ್ಟು ತೆಗೆಯಿತು. ನೀರು ಮೊದಲು ನಾಲಿಗೆಯಂತೆ ಒಳಬಂದು ಕಲ್ಲುಗಳ ಸಂದಿಯಲ್ಲಿ ಇಂಗಿಹೋಯಿತು. ಮತ್ತೊಂದು ಬಕೆಟ್. ಈ ಸಲ ಕಂದು ಬಣ್ಣದ ಹಾಳೆಯಂತೆ ಹರಿದು ಹುಲ್ಲುಗಾವಲಿಗೆ ಧುಮುಕಿತು. ಬದಿಯ ಮಣ್ಣು ಕಳಚಿ ಬೀಳತೊಡಗಿತು. ಕ್ರೇಗ್ ನನ್ನ ಕಡೆ ನೋಡಿದ. ಇನ್ನಷ್ಟು ಕಲ್ಲು ಸುರಿಯಲು ಕೈ ತೋರಿಸಿದೆ. ಲಾರಿ ಹಿಂದೆ ಹಿಂದೆ ಬಂದು, ಅಂಚಿಗೆ ಎಷ್ಟು ಹತ್ತಿರ ಬರಬಹುದೋ ಅಷ್ಟು ಬಂದು ಸುರಿಯಿತು. ಕಲ್ಲು ಉರುಳಿ, ಕೂತು, ಮಣ್ಣಿನ ಬದಿಯನ್ನು ಹಿಡಿದುಕೊಂಡಿತು. ಬಾಯಿ ಹಿಗ್ಗುವುದು ನಿಂತಿತು.

ಆಮೇಲಿನದು ಕಾಯುವ ಕೆಲಸ, ಅದೇ ಹೆಚ್ಚು ಕಷ್ಟದ್ದು. ಸಬ್‌ಡಿವಿಷನ್‌ಗೆ ಮರಳಿ ಬಂದು ದೂರದಿಂದ ದುರ್ಬೀನಿನಲ್ಲಿ ಆ ಉಕ್ಕುವ ನೀರನ್ನೇ ನೋಡುತ್ತಾ ನಿಂತೆ. ನೋಡುತ್ತಿದ್ದಂತೆ ಏರಿಯ ಇಳಿಜಾರಿನ ಒಂದು ದೊಡ್ಡ ತುಂಡು, ಅದರ ಮೇಲಿನ ಪೊದೆ ಮರಗಳ ಸಮೇತ, ನಿಧಾನವಾಗಿ ಜಾರಿ ಕೆಳಗೆ ಬಂದು ಮಾರ್ಕ್ ಮನೆಯ ಬೇಲಿಯನ್ನು ಒರಗಿಸಿ ನಿಂತಿತು. ಹಳದಿ ಕೋಟೆ ಗಾಳಿಯಿಳಿದು ಅದರಡಿಗೆ ಹೋಯಿತು. ಈಗ ಮುಗಿಯಿತು ಎಂದುಕೊಂಡೆ. ಕ್ರೇಗ್ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಮರುದಿನ ಅಲ್ಲಿ ಕಪ್ಪು ಗುರುತಿತ್ತು. ಆದರೆ ನೀರು ಬರಲಿಲ್ಲ. ಏರಿಯ ಉಳಿದ ಭಾಗ ನಿಂತಿತು. ಮಧ್ಯಾಹ್ನ ಇಳಿಯುತ್ತಿದ್ದಂತೆ ಉಕ್ಕುವ ರಭಸ ಕಡಿಮೆಯಾಯಿತು, ಕಪ್ಪು ಬಣ್ಣ ಕರಗಿತು, ಕಡೆಗೆ ತಿಳಿನೀರು ಜಿನುಗುವುದಷ್ಟೇ ಉಳಿಯಿತು. ನಾನು ಫುಟ್‌ಪಾತ್ ಮೇಲೆ ಕೂತುಬಿಟ್ಟೆ.

ಪಂಪುಗಳು ಬಂದು ನೀರು ಪೂರ್ತಿ ಇಳಿದ ಮೇಲೆ ಮೋರಿಯ ಬಾಯಲ್ಲಿ ಬುಡಸಮೇತ ತೇಲಿ ಬಂದ ಮರವೊಂದು ಸಿಕ್ಕಿಕೊಂಡದ್ದು ಕಂಡಿತು. ಅದರ ಹಿಂದೆ ಯಾರದೋ ಹಿತ್ತಿಲಿನಿಂದ ಗಾಳಿಗೆ ಹಾರಿದ, ಮಕ್ಕಳು ಜಿಗಿಯುವ ಟ್ರ್ಯಾಂಪೊಲಿನ್, ಅದರ ಬಲೆಗೆ ಜೊಂಡು, ಎಲೆ, ಕಡ್ಡಿಗಳೆಲ್ಲ ಸೇರಿ ಬಿರಡೆಯಂತೆ ಬಿಗಿದಿದ್ದವು. ಏರಿಯನ್ನು ಬಿಡಿಸಿದಾಗ ಒಳಗೆ ಒಬ್ಬ ಮನುಷ್ಯ ಕುಕ್ಕುರುಗಾಲಲ್ಲಿ ಕೂರುವಷ್ಟು ಟೊಳ್ಳಿತ್ತು. ರಫೀಕ್ ಅಂಗಡಿಯ ಸೈಕಲ್ ಅದರ ತಳದಲ್ಲಿತ್ತು.

ರಫೀಕ್ ಆ ಬೇಸಿಗೆ ಸುಮ್ಮನೆ ಕೂರಲಿಲ್ಲ. ಸೈಕಲ್‌ಗಳನ್ನು ವ್ಯಾನಿಗೆ ಹೇರಿಕೊಂಡು ದಿನಾ ಪೂರ್ವದ ತುದಿಗೆ ಹೋಗಿ ಬಾಡಿಗೆಗೆ ಕೊಟ್ಟರು. ಸಾಕಷ್ಟು ನಷ್ಟವಾಯಿತು, ಆದರೆ ಅಂಗಡಿ ಮುಚ್ಚಲಿಲ್ಲ. ದಾರಿಯನ್ನು ಮತ್ತೆ ಕೂಡಿಸಬೇಕೋ ಬೇಡವೋ ಎಂದು ಕೌಂಟಿ ಸಾರ್ವಜನಿಕ ಸಭೆ ಕರೆಯಿತು. ನಾನು ಎದ್ದು ನಿಂತು, ತೊರೆಯ ಮೇಲೆ ಏರಿ ಬೇಡ, ತೆರೆದ ಸೇತುವೆಯನ್ನೇ ಹಾಕಿ, ನೀರಿಗೆ ಅದರ ಜಾಗ ಬಿಡಿ ಎಂದು ವಾದಿಸಿದೆ. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ವಿಮಲಾ. ಊರುಗೋಲು ಹಿಡಿದ ನಸೀಮಾ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ತಾವು ಮೈಕು ಹಿಡಿದು, "ಈ ವಯಸ್ಸಿನಲ್ಲಿ ನಮಗೆ ಸೈಕಲ್ ಓಡಿಸಲು ಬೇರೆ ಯಾವ ದಾರಿ ಇದೆ, ತೋರಿಸಿ" ಎಂದು ಸಭೆಯನ್ನೇ ಗದರಿದರು. ಸೇತುವೆ ಮಂಜೂರಾಯಿತು. ನಾನು ನಿವೃತ್ತಳಾಗುವ ಮುಂಚೆ ಅದರ ಮೇಲೆ ನಡೆದೂ ಬಂದೆ. ನಸೀಮಾ ಮಾತ್ರ ಮೊದಲ ವರ್ಷ ಸೇತುವೆಯ ಬಳಿ ಸೈಕಲ್ ಇಳಿದು, ನೆಲವನ್ನು ಕಾಲಿನಿಂದ ಎರಡು ಸಲ ಕುಟ್ಟಿ ನೋಡಿಯೇ ದಾಟುತ್ತಿದ್ದರಂತೆ.

ಆ ಸಭೆ ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ಮಾರ್ಕ್ ನನ್ನನ್ನು ತಡೆದು ನಿಲ್ಲಿಸಿದ. ಜೊತೆಗೆ ಮಗಳಿದ್ದಳು. ಅವನ ದನಿಯಲ್ಲಿ ಕೋಪವಿರಲಿಲ್ಲ, ಆದರೆ ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆ ಅದೆಂದು ಗೊತ್ತಾಯಿತು.

"ನಿಜ ಹೇಳಿ. ನೀವು ಅವತ್ತು ಕಡಿಯದೇ ಇದ್ದಿದ್ದರೆ ಅದು ಒಡೆಯುತ್ತಿತ್ತಾ?"

"ಗೊತ್ತಿಲ್ಲ" ಎಂದೆ.

"ಇವತ್ತಿಗೂ?"

"ಇವತ್ತಿಗೂ."

"ಹಾಗಾದರೆ ಅಷ್ಟು ದೊಡ್ಡ ತೀರ್ಮಾನ ಹೇಗೆ ತೆಗೆದುಕೊಂಡಿರಿ?"

ನಮ್ಮ ವೃತ್ತಿಯಲ್ಲಿ ಲೆಕ್ಕ ಬಂದ ಮೇಲೆ ಮಾತಾಡಬೇಕೆಂದು ಕಲಿಸುತ್ತಾರೆ. ಅದು ಸರಿ. ಬಹುತೇಕ ದಿನಗಳಿಗೆ ಅದೇ ಸಾಕು. ಆದರೆ ಕೆಲವು ದಿನ ಲೆಕ್ಕ ಬರುವ ಹೊತ್ತಿಗೆ ಮನೆಗಳು ಇರುವುದಿಲ್ಲ. ಅಂಥ ದಿನ "ನನಗೆ ಖಚಿತವಿಲ್ಲ" ಎಂಬ ಮಾತನ್ನು ಸುಮ್ಮನಿರಲು ನೆಪ ಮಾಡಿಕೊಳ್ಳುವವರೇ ಹೆಚ್ಚು. ಅದೇ ಮಾತನ್ನು ಜೋರಾಗಿ, ಎಲ್ಲರಿಗೂ ಕೇಳುವಂತೆ ಹೇಳಿ, ಹೇಳಿದ ಮೇಲೂ ಕೈ ಎತ್ತಿ ಕೆಲಸ ಶುರುಮಾಡಿಸುವುದೇ ಎಂಜಿನಿಯರ್‌ನ ಕೆಲಸ ಎಂದು ನಾನು ಕಲಿತದ್ದು ಆ ಶನಿವಾರ. ತಪ್ಪಾದರೆ ದಾರಿಯೊಂದು ಹೋಗುತ್ತದೆ, ಅದನ್ನು ಮತ್ತೆ ಕಟ್ಟಬಹುದು.

ಇದನ್ನೆಲ್ಲ ಅವನಿಗೆ ಹೇಳಲಿಲ್ಲ. "ಗೊತ್ತಿರಲಿಲ್ಲವಲ್ಲ, ಅದಕ್ಕೇ" ಎಂದೆ.

ಅವನ ಕೈ ಮಗಳ ತಲೆಯ ಮೇಲಿತ್ತು. ತಲೆದೂಗಿ, ಆ ಕೈಯನ್ನೇ ನನ್ನತ್ತ ಚಾಚಿದ.